ಮೊದಲು ಗ್ಲಾಸ್, ಆಮೇಲೆ ಗ್ರೈಂಡರ್
ಹಳೆ ಕಾರಿನ ಟಾಪ್ ಇಳಿಸಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದಿಂದ ಮಿಶಿಗನ್‌ವರೆಗೆ ತಮ್ಮ ಗ್ಯಾರೇಜುಗಳಲ್ಲಿ ಹಳೆಯ ಅಮೆರಿಕನ್ ಕಾರುಗಳನ್ನು ಬಿಚ್ಚಿ ಹರವಿಕೊಂಡಿರುವ ಕನ್ನಡದ ಗೆಳೆಯ ಗೆಳತಿಯರಿಗೆ,



ನಿಮ್ಮಲ್ಲಿ ಹಲವರ ಪರಿಚಯ ನನಗಿದೆ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಒಳಗೆ ಭಾಷಣ ನಡೆಯುತ್ತಿರುವಾಗ ಹೊರಗೆ ನಿಂತು, ಫೋನಿನಲ್ಲಿ ತುಕ್ಕು ಹಿಡಿದ ಮರ್ಕ್ಯುರಿಯದೋ ಫೋರ್ಡಿನದೋ ಫೋಟೋ ತೋರಿಸುವವರು ನೀವೇ. "ಟಾಪ್ ನಾಲ್ಕು ಇಂಚು ಇಳಿಸ್ತಿದೀನಿ ಅಂಕಲ್" ಎನ್ನುವಾಗ ನಿಮ್ಮ ಮುಖದ ಮೇಲಿರುವ ಕಳೆ ನನಗೂ ಇಷ್ಟ. "ಹಿಂದಿನ ಗ್ಲಾಸಿಗೇನಪ್ಪಾ ಮಾಡ್ತೀಯ?" ಎಂದರೆ ಮಾತ್ರ ಎಲ್ಲರದೂ ಹೆಚ್ಚುಕಡಿಮೆ ಒಂದೇ ಉತ್ತರ: "ಮೊದಲು ಟಾಪ್ ಕೂರಲಿ, ಗ್ಲಾಸ್ ಆಮೇಲೆ ನೋಡೋಣ." ಒಬ್ಬೊಬ್ಬರಿಗೂ ಬಿಡಿಸಿ ಹೇಳುವಷ್ಟು ಹೊತ್ತು ಆ ಪಾರ್ಕಿಂಗ್ ಜಾಗದಲ್ಲಿ ಸಿಗುವುದಿಲ್ಲ, ಅಷ್ಟರಲ್ಲಿ ಊಟಕ್ಕೆ ಕರೆದುಬಿಡುತ್ತಾರೆ. ಹಾಗಾಗಿ ಈ ಪತ್ರ.

ನಾನು ಹೇಳಬೇಕಾಗಿರುವುದು ಇಷ್ಟು. ಕಾರಿನ ಜೊತೆ ಬಂದ ಹಿಂದಿನ ಗ್ಲಾಸನ್ನು ಉಳಿಸಿಕೊಳ್ಳಿ. ಅದು ಎಲ್ಲಿ, ಎಷ್ಟು ಓರೆಯಾಗಿ ಕೂರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ, ತಗಡನ್ನು ಅದಕ್ಕೆ ತಕ್ಕಂತೆ ಕೊಯ್ಯಿರಿ. ನಮ್ಮ ಊರುಗಳಲ್ಲಿ ಮನೆ ಕಟ್ಟುವಾಗ ಬಾಗಿಲುವಾಡ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಮೇಲೆಯೇ ಅದರ ಎರಡೂ ಬದಿಗೆ ಗೋಡೆ ಏಳುತ್ತಿತ್ತಲ್ಲ, ಹಾಗೆ.

ಈ ಹುಚ್ಚಿಲ್ಲದೆಯೂ ಪತ್ರ ಓದುತ್ತಿರುವ ಮನೆಯವರಿಗಾಗಿ ಒಂದು ಮಾತು. ಟಾಪ್ ಇಳಿಸುವುದೆಂದರೆ ಕಾರಿನ ಚಾವಣಿಯನ್ನು ಹೊತ್ತಿರುವ ಪಿಲ್ಲರುಗಳಿಂದ ಕೆಲವು ಇಂಚು ಕತ್ತರಿಸಿ ತೆಗೆದು, ಚಾವಣಿಯನ್ನು ಕೆಳಗೆ ತಂದು ಮತ್ತೆ ಬೆಸುಗೆ ಹಾಕುವುದು. ಎರಡನೆಯ ಮಹಾಯುದ್ಧಕ್ಕೂ ಮೊದಲು ಮ್ಯುರಾಕ್‌ನಂಥ ಒಣಕೆರೆಗಳ ಮೇಲೆ ಕಾರು ಓಡಿಸುತ್ತಿದ್ದ ಕ್ಯಾಲಿಫೋರ್ನಿಯಾದ ಹುಡುಗರು ಗಾಳಿಗೆ ಎದೆಯೊಡ್ಡುವ ಭಾಗ ಕಡಿಮೆಯಾಗಲಿ ಎಂದು ಇದನ್ನು ಮಾಡಿದರು. ಯುದ್ಧ ಮುಗಿದ ಮೇಲೆ ಅದು ವೇಗದ ಮಾತಾಗಿ ಉಳಿಯದೆ ಅಂದದ ಮಾತಾಯಿತು. ಹೌದು, ಸರಿಯಾಗಿರುವ ಕಾರನ್ನು ಹಣ ಕೊಟ್ಟು ಕತ್ತರಿಸುತ್ತಾರೆ. ಅದರ ವಿಚಾರಣೆ ಇನ್ನೊಂದು ದಿನ ಇಟ್ಟುಕೊಳ್ಳೋಣ.

ಗೆಳೆಯರೇ, 1932ರಿಂದ 34ರವರೆಗಿನ ಫೋರ್ಡ್ ನಿಮ್ಮಲ್ಲಿದ್ದರೆ ನೀವು ಭಾಗ್ಯವಂತರು. ಅದರ ಗಾಜುಗಳೆಲ್ಲ ಚಪ್ಪಟೆ, ಹಿಂದಿನ ಕಿಟಕಿ ಚಿಕ್ಕದು. ಲ್ಯಾಮಿನೇಟೆಡ್ ಹಾಳೆಯಿಂದ ಬೇಕಾದ ಅಳತೆಗೆ ಕೊಯ್ದುಕೊಡುವ ಗಾಜಿನಂಗಡಿ ಯಾವ ಊರಿನಲ್ಲಾದರೂ ಸಿಗುತ್ತದೆ. ನನ್ನ ಚಿಂತೆಯೆಲ್ಲ ನಲವತ್ತರ ದಶಕದ ಕೊನೆಯಿಂದ ಈಚಿನ ಕಾರುಗಳದು. ಅವುಗಳ ಹಿಂದಿನ ಗಾಜು ಬಾಗಿದ್ದು, ಬಹಳಷ್ಟು ಸಲ ಟೆಂಪರ್ಡ್. ಟೆಂಪರ್ಡ್ ಗಾಜನ್ನು ಕೊಯ್ಯಲು ಬರುವುದಿಲ್ಲ. ಕಷ್ಟ ಎಂದು ಹೇಳುತ್ತಿಲ್ಲ, ಬರುವುದೇ ಇಲ್ಲ ಎನ್ನುತ್ತಿದ್ದೇನೆ.

ಏಕೆಂದು ತಿಳಿದುಕೊಂಡರೆ ಕೈ ತಾನಾಗಿಯೇ ತಡೆಯುತ್ತದೆ. ಟೆಂಪರ್ಡ್ ಗಾಜನ್ನು ಮೊದಲೇ ಬೇಕಾದ ಅಳತೆಗೆ ಕೊಯ್ದು, 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಬಾಗಿಸಿ, ಆಮೇಲೆ ಎರಡೂ ಮೈಗೆ ಜೋರಾಗಿ ಗಾಳಿ ಊದಿ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ತಡವಾಗಿ ತಣಿದು ಕುಗ್ಗುವಾಗ ಹೊರಮೈಯನ್ನು ತನ್ನತ್ತ ಎಳೆಯುತ್ತದೆ. ಹೀಗೆ ಹೊರಗೆ ಒತ್ತಡ, ಒಳಗೆ ಸೆಳೆತ ಎರಡೂ ಸಮತೂಕದಲ್ಲಿ ನಿಂತುಬಿಡುತ್ತವೆ. ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಬಲ ಬರುವುದು ಈ ಕಾರಣಕ್ಕೆ. ಗ್ರೈಂಡರೋ ಡ್ರಿಲ್ಲೋ ಆ ಒತ್ತಡದ ಪದರವನ್ನು ದಾಟಿ ಒಳಗೆ ಮುಟ್ಟಿತೋ, ಕೂಡಿಟ್ಟ ಬಲವೆಲ್ಲ ಒಂದೇ ಕ್ಷಣದಲ್ಲಿ ಬಿಡುಗಡೆಯಾಗಿ ಇಡೀ ಗಾಜು ಹರಳುಹರಳಾಗಿ ಕೆಳಗೆ ಬೀಳುತ್ತದೆ.

ನನ್ನ ಕಣ್ಣೆದುರೇ ಹಾಗಾಗಿದೆ. ಸ್ಯಾನ್ ಹೋಸೆಯ ಹೊರವಲಯದ ಒಂದು ಶೆಡ್ಡಿನಲ್ಲಿ ಪರಿಚಯದ ಹುಡುಗನೊಬ್ಬ ಚಾವಣಿಯನ್ನು ಬಲು ಅಚ್ಚುಕಟ್ಟಾಗಿ ಇಳಿಸಿದ್ದ. ಬೆಸುಗೆಯ ಗೆರೆ ಬೆರಳಿಗೆ ಸಿಗುತ್ತಿರಲಿಲ್ಲ, ಅಷ್ಟು ನಯ. ಹಿಂದಿನ ಕಿಂಡಿಯನ್ನು ಮಾತ್ರ ಕಣ್ಣಂದಾಜಿನಲ್ಲಿ ಮುಚ್ಚಿಕೊಂಡು ಬಂದಿದ್ದ. ಗ್ಲಾಸ್ ಹಿಡಿದು ನೋಡಿದರೆ ಒಂದು ಮೂಲೆಯಲ್ಲಿ ಕಾಲು ಇಂಚಿನಷ್ಟು ಹೆಚ್ಚು. "ಅಂಚು ಸ್ವಲ್ಪ ಸವೆಸಿದರೆ ಸಾಕು" ಎಂದು ನೀರು ಹಾಕಿಕೊಂಡು ನಿಧಾನವಾಗಿ ಉಜ್ಜತೊಡಗಿದ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಮುಂದಿನ ಕ್ಷಣ ಅವನ ಎರಡು ಕೈಗಳ ನಡುವೆ ಏನೂ ಇರಲಿಲ್ಲ. ಕನ್ನಡಕ, ಗ್ಲೌಸ್ ಹಾಕಿದ್ದರಿಂದ ಗಾಯವಾಗಲಿಲ್ಲ ಎನ್ನುವುದೊಂದೇ ಸಮಾಧಾನ. ಅಂಥದೇ ಇನ್ನೊಂದು ಗ್ಲಾಸ್ ಹುಡುಕಿ ತಂದ ಮೇಲೂ ಅದಕ್ಕೆ ಸರಿಹೊಂದುವಂತೆ ಬೆಸುಗೆ ಬಿಚ್ಚಿ ಚೌಕಟ್ಟು ಮರಳಿ ಕಟ್ಟಬೇಕಾಯಿತು. ಮರಳು ಸಿಡಿಸಿ ಸ್ವಲ್ಪ ಸ್ವಲ್ಪವೇ ಸವೆಸಿದರೆ ಆಗುತ್ತದೆ ಎನ್ನುವವರನ್ನೂ ಕೇಳಿದ್ದೇನೆ. ಆದವರು ಹೇಳಿಕೊಳ್ಳುತ್ತಾರೆ, ಆಗದವರು ಸುಮ್ಮನಿರುತ್ತಾರೆ.

ಗಾಜು ಕೊಯ್ಯದೆ ಟಾಪ್ ಇಳಿಸುವ ದಾರಿ ತಿಳಿಯಲು ಈಗ ಬ್ಯಾರಿಸ್ ಸಹೋದರರ ಮಾತಿಗೆ ಬರೋಣ. ನೀವೆಲ್ಲ ಯಾರ ಚಿತ್ರ ಗೋಡೆಗೆ ಅಂಟಿಸಿಕೊಂಡಿದ್ದೀರೋ ಅವರು. ಲಾಸ್ ಏಂಜಲೀಸ್ ಪಕ್ಕದ ಲಿನ್‌ವುಡ್‌ನಲ್ಲಿ ಅಂಗಡಿ ಇಟ್ಟಿದ್ದ ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಪೈಕಿ ಹೆಸರು ಮಾಡಿದವನು ಜಾರ್ಜ್, ತಗಡಿನ ಕೈಚಳಕ ಸ್ಯಾಮ್‌ನದು. 1949ರಿಂದ 51ರವರೆಗಿನ ಮರ್ಕ್ಯುರಿಯ ಟಾಪ್ ಇಳಿಸುವುದು ಒಂದು ಕಲೆಯಾಗಿ ನಿಂತದ್ದು ಬಹುಪಾಲು ಸ್ಯಾಮ್‌ನ ಕೈಯಲ್ಲಿ. 1952ರಲ್ಲಿ ಬಾಬ್ ಹಿರೊಹಾಟಾ ಎಂಬ ಜಪಾನಿ ಮೂಲದ ಅಮೆರಿಕನ್ ತರುಣ ತನ್ನ 1951ರ ಮರ್ಕ್ಯುರಿಯನ್ನು ಇವರಲ್ಲಿಗೆ ತಂದ. ಅದರ ಚಾವಣಿ ಮುಂದೆ 4 ಇಂಚು, ಹಿಂದೆ 7 ಇಂಚು ಇಳಿಯಿತು. ಮುಂದೆ ಇಳಿದದ್ದಕ್ಕಿಂತ ಹಿಂದೆ ಹೆಚ್ಚು ಯಾಕೆ ಎಂದು ಒಂದು ಗಳಿಗೆ ಯೋಚಿಸಿ. ಒಂದೇ ಸಮನಾಗಿ ಇಳಿಸಿದ್ದರೆ ಅದು ತುಸು ಗಿಡ್ಡಗಾದ ಮರ್ಕ್ಯುರಿ ಆಗುತ್ತಿತ್ತು, ಅಷ್ಟೆ. ಹಿಂದೆ ಹೆಚ್ಚು ಇಳಿದದ್ದರಿಂದ ಚಾವಣಿಯ ಗೆರೆ ಮುಂದಿನ ಗ್ಲಾಸಿನ ತಲೆಯಿಂದ ಡಿಕ್ಕಿಯ ತುದಿಯವರೆಗೆ ಎಲ್ಲೂ ತಡೆಯದೆ ಹರಿಯಿತು.

ಆ ಹರಿವಿನ ಗುಟ್ಟು ಹಿಂದಿನ ಕಿಟಕಿಯಲ್ಲಿದೆ. ಮರ್ಕ್ಯುರಿ ಕೆಲಸದವರು ರೂಢಿಸಿಕೊಂಡ ದಾರಿ ಇದು: ಹಿಂದಿನ ಗ್ಲಾಸ್ ಕೂರುವ ಕಿಂಡಿಯನ್ನು ಎತ್ತರದಲ್ಲಿ ಕತ್ತರಿಸಲು ಹೋಗದೆ, ಸುತ್ತಲೂ ಕೈಯಗಲ ತಗಡು ಬಿಟ್ಟುಕೊಂಡು ಚೌಕಟ್ಟು ಸಮೇತ ಇಡಿಯಾಗಿ ಬಿಡಿಸಿಕೊಳ್ಳುವುದು. ಆಮೇಲೆ ಅದರ ಕೆಳ ಅಂಚನ್ನು ಇದ್ದಲ್ಲೇ ಇಟ್ಟು, ಮೇಲಂಚನ್ನು ಮುಂದಕ್ಕೆ ಬಾಗಿಸಿ ಮಲಗಿಸುವುದು. ಗಾಜು ಕಾರ್ಖಾನೆಯಿಂದ ಬಂದದ್ದೇ, ಅದರ ರಬ್ಬರ್ ಬೀಡಿಂಗ್ ಕೂಡುವ ಅಂಚೂ ಕಾರ್ಖಾನೆಯದೇ. ಬದಲಾದದ್ದು ಓರೆ ಮಾತ್ರ. 1951ರಲ್ಲಿ ಮರ್ಕ್ಯುರಿಯ ಹಿಂದಿನ ಗಾಜು ಹಿಂದಿನ ವರ್ಷಕ್ಕಿಂತ ದೊಡ್ಡದಾಗಿತ್ತು ಎಂಬುದನ್ನು ನೆನೆದರೆ, ಆ ಕಾರಿನಲ್ಲಿ ಈ ಲೆಕ್ಕಾಚಾರಕ್ಕೆ ಎಷ್ಟು ತೂಕ ಎಂದು ಗೊತ್ತಾಗುತ್ತದೆ.

ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ. ಗ್ಲಾಸಿನ ಉದ್ದ ಓರೆಯಲ್ಲಿ 16 ಇಂಚು, ನೆಲಮಟ್ಟಕ್ಕೆ 60 ಡಿಗ್ರಿಯಲ್ಲಿ ನಿಂತಿದೆ ಎನ್ನಿ. ನೇರ ಎತ್ತರ ಸುಮಾರು 13.9 ಇಂಚಾಯಿತು. ಚಾವಣಿ 4 ಇಂಚು ಇಳಿದರೆ ಉಳಿಯುವುದು 9.9. ಅದೇ 16 ಇಂಚಿನ ಗಾಜು ಈ ಎತ್ತರದೊಳಗೆ ಕೂರಬೇಕಾದರೆ ಅದು 38 ಡಿಗ್ರಿಗೆ ಮಲಗಬೇಕು. ಆಗ ಅದರ ಮೇಲಂಚು ಸುಮಾರು ನಾಲ್ಕೂವರೆ ಇಂಚು ಮುಂದಕ್ಕೆ ಬರುತ್ತದೆ. ಅಂದರೆ ಚಾವಣಿಯ ಹಿಂತುದಿಯಲ್ಲಿ ಅಷ್ಟು ತಗಡು ಹೆಚ್ಚಾಯಿತು, ಕತ್ತರಿಸಿ ತೆಗೆದರೆ ಮುಗಿಯಿತು. ಬದಲಿಗೆ ಗಾಜನ್ನೇ ಗಿಡ್ಡ ಮಾಡಿಸಿ ಹಳೆಯ 60 ಡಿಗ್ರಿಯಲ್ಲೇ ನಿಲ್ಲಿಸಿದಿರಿ ಎನ್ನಿ. ಆಗ ಅದರ ತಲೆಗೂ ಚಾವಣಿಯ ತುದಿಗೂ ನಡುವೆ ಎರಡು ಇಂಚಿಗೂ ಮಿಕ್ಕಿ ಸಂದು ಬಿಡುತ್ತದೆ, ಅದಕ್ಕೆ ಎರಡು ದಿಕ್ಕಿಗೆ ಬಾಗಿದ ತಗಡಿನ ತೇಪೆ ಹಾಕಬೇಕು. ತಗಡು ತೆಗೆಯುವುದು ಸುಲಭವೋ ಸೇರಿಸುವುದು ಸುಲಭವೋ ಎಂದು ಯಾವ ಟಿಂಕರನ್ನಾದರೂ ಕೇಳಿ. ಇದು ಚಪ್ಪಟೆ ಗಾಜಿನ ಲೆಕ್ಕ ಎಂಬುದು ನೆನಪಿರಲಿ. ನಿಮ್ಮದು ಬಾಗಿದ್ದು, ಆದ್ದರಿಂದ ಅಂಕಿಗಳನ್ನು ದಿಕ್ಕು ತಿಳಿಯಲು ಮಾತ್ರ ಬಳಸಿ, ಕೊನೆಯ ಮಾತನ್ನು ಗಾಜಿಗೇ ಬಿಡಿ.

ಹೀಗೆ ಮಲಗಿಸಿದ್ದಕ್ಕೆ ಬೆಲೆ ಇದೆ. ಮುಚ್ಚಿಡುವುದಿಲ್ಲ. ಒಳಗನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವ ಎತ್ತರ 13.9 ಇಂಚಿನಿಂದ 9.9ಕ್ಕೆ ಇಳಿಯುತ್ತದೆ. ಹಿಂದೆ 7 ಇಂಚು ಇಳಿಸಿದರೆ ಅರ್ಧಕ್ಕರ್ಧ ಹೋಯಿತು. ಗಾಜು ಎಷ್ಟು ಮಲಗುತ್ತದೋ ಅಷ್ಟು ಪ್ರತಿಫಲನ ಹೆಚ್ಚು, ಹಿಂದಿನ ಸೀಟಿನವರ ನೆತ್ತಿಯ ಮೇಲೆ ಅಷ್ಟು ಬಿಸಿಲು. ಎತ್ತರದವರು ಅಲ್ಲಿ ಕೂರುವ ಆಸೆ ಬಿಡಬೇಕು. ಎರಡೂ ಬದಿಗೆ ಹೊರಗನ್ನಡಿ ಹಾಕಿಸಿ, "ಗೆರೆ ಕೆಡುತ್ತದೆ" ಎಂದು ಹಟ ಮಾಡಬೇಡಿ. ರಿವರ್ಸ್ ತೆಗೆಯುವಾಗ ನಿಮ್ಮ ಹಿಂದೆ ಇರುವುದು ಯಾರದೋ ಮಗು.

"ಅಷ್ಟೆಲ್ಲ ಯಾಕೆ, ಪ್ಲಾಸ್ಟಿಕ್ ಹಾಳೆ ಬಗ್ಗಿಸಿ ಕೂರಿಸಿದರಾಯಿತು" ಎನ್ನುವವರು ನಿಮ್ಮಲ್ಲಿದ್ದಾರೆ. ಬೇಡ ಎಂದು ಕೈಮುಗಿಯುತ್ತೇನೆ. ಅಕ್ರಿಲಿಕ್ ಆಗಲಿ ಪಾಲಿಕಾರ್ಬೊನೇಟ್ ಆಗಲಿ ಒರೆಸಿದಲ್ಲೆಲ್ಲ ಗೀರು ಬೀಳುತ್ತದೆ, ಪಾಲಿಕಾರ್ಬೊನೇಟ್ ಆದರೆ ಬಿಸಿಲಿಗೆ ಮಂಕೂ ಆಗುತ್ತದೆ. ರಾತ್ರಿ ಹಿಂದಿನ ಗಾಡಿಯ ಹೆಡ್‌ಲೈಟ್ ಆ ಗೀರುಗಳಿಗೆ ಬಿದ್ದಾಗ ಕನ್ನಡಿಯಲ್ಲಿ ರಸ್ತೆಯ ಬದಲು ಬರೀ ಬೆಳಕಿನ ಮಬ್ಬು. ಹೊಸದಾಗಿ ಬಾಗಿದ ಗಾಜನ್ನೇ ಮಾಡಿಸುತ್ತೇನೆ ಎನ್ನುವವರ ಜೇಬು ದೊಡ್ಡದಿರಲಿ, ಸಂತೋಷ. ಆದರೆ ಅದು ಜಗತ್ತಿನಲ್ಲಿ ಒಂದೇ ಇರುವ ಗಾಜು. ಹೆದ್ದಾರಿಯಲ್ಲಿ ಯಾವುದೋ ಟ್ರಕ್ಕಿನಿಂದ ಕಲ್ಲು ಹಾರಿದ ದಿನ ಆ ಅಚ್ಚು ಮಾಡಿದವನನ್ನು ಎಲ್ಲಿ ಹುಡುಕುತ್ತೀರಿ? ಕಾರ್ಖಾನೆಯ ಅಳತೆಯದಾದರೆ ಹಳೆ ಕಾರಿನ ಸಂತೆಯಲ್ಲೋ ಗುಜರಿ ಅಂಗಳದಲ್ಲೋ ಅದರ ಜೋಡಿ ಸಿಗುತ್ತದೆ. ಅದರ ಬೀಡಿಂಗನ್ನು ಇಂದಿಗೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಸುತ್ತಲಿನ ಸ್ಟೇನ್‌ಲೆಸ್ ಪಟ್ಟಿಯನ್ನೂ ಕತ್ತರಿಸುವ ಗೋಜಿಲ್ಲ. ಆ ಪಟ್ಟಿಯ ಮೂಲೆಯ ತಿರುವನ್ನು ಕತ್ತರಿಸಿ ಮತ್ತೆ ಕೂಡಿಸಲು ಹೋದವರ ನಿಟ್ಟುಸಿರು ಕೇಳಿದ್ದರೆ ನೀವು ಈ ಒಂದು ಕಾರಣಕ್ಕೇ ಒಪ್ಪುತ್ತಿದ್ದಿರಿ.

ಈಗ ನನ್ನ ಕೋರಿಕೆಗಳು.

ಕೆಲಸ ಶುರುಮಾಡುವ ಮುನ್ನ ಗಾಜು ಯಾವುದೆಂದು ಗುರುತಿಸಿ. ಮೂಲೆಯಲ್ಲಿ ಕೆತ್ತಿದ ಮುದ್ರೆ ಇರುತ್ತದೆ. ಎಎಸ್-1 ಎಂದಿದ್ದರೆ ಮುಂದಿನ ಗ್ಲಾಸಿಗೆ ಒಪ್ಪುವ ದರ್ಜೆ, ಲ್ಯಾಮಿನೇಟೆಡ್. ಎಎಸ್-2 ಎಂದಿದ್ದರೆ ಟೆಂಪರ್ಡ್ ಇರಬಹುದು, ಲ್ಯಾಮಿನೇಟೆಡ್ ಕೂಡ ಇರಬಹುದು, ಮುದ್ರೆಯೊಂದನ್ನೇ ನಂಬಬೇಡಿ. ಪೋಲರಾಯ್ಡ್ ತಂಪುಕನ್ನಡಕ ಹಾಕಿಕೊಂಡು ಹಗಲಲ್ಲಿ ಓರೆಯಾಗಿ ನೋಡಿ: ಸಾಲುಸಾಲು ಮಚ್ಚೆಗಳು ತೋರಿದರೆ ಅದು ಗಾಳಿ ಊದಿ ತಣಿಸಿದ ಟೆಂಪರ್ಡ್ ಗಾಜು. ಲ್ಯಾಮಿನೇಟೆಡ್ ಆದರೆ ಅಂಚಿನಲ್ಲಿ ಎರಡು ಗಾಜಿನ ನಡುವಿನ ಪ್ಲಾಸ್ಟಿಕ್ ಪದರ ಗೆರೆಯಾಗಿ ಕಾಣುತ್ತದೆ. ಲ್ಯಾಮಿನೇಟೆಡ್ ಎಂದು ಖಾತ್ರಿಯಾದರೆ ಕೊಯ್ಯಲು ಬರುತ್ತದೆ, ಆದರೆ ಬಾಗಿದ್ದನ್ನು ಎರಡೂ ಮೈಗೆ ಒಂದೇ ಗೆರೆಯಲ್ಲಿ ಗೀರಿ ಮುರಿಯುವುದು ಪಳಗಿದ ಕೈಯ ಕೆಲಸ. ಅಲ್ಲೂ ನನ್ನ ಮತ ಮಲಗಿಸುವುದರ ಕಡೆಗೇ.

ಗಾಜನ್ನು ಬಿಚ್ಚಿದ ಮೇಲೆ ಚಪ್ಪಟೆಯಾಗಿ ನೆಲಕ್ಕೆ ಹಾಕಬೇಡಿ. ಕಂಬಳಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ, ಗ್ರೈಂಡರಿನಿಂದ ದೂರ ಇಡಿ. ಕಿಡಿಗಳು ಗಾಜಿಗೆ ತಗುಲಿದರೆ ಚುಕ್ಕೆಚುಕ್ಕೆಯಾಗಿ ಒಳಗೆ ಕಚ್ಚಿಕೊಳ್ಳುತ್ತವೆ, ತೊಳೆದರೆ ಹೋಗುವುದಿಲ್ಲ. ಗಾಜನ್ನು ಒಳಗಿಡುವ ಮೊದಲು ಅದರ ಮೇಲೆ ಮೇಣ ಸವರಿ ಫೈಬರ್‌ಗ್ಲಾಸಿನ ಅಚ್ಚು ತೆಗೆದುಕೊಳ್ಳಿ. ಬೆಸುಗೆಯ ಹೊತ್ತಿನಲ್ಲೆಲ್ಲ ಈ ಅಚ್ಚೇ ಗಾಜಿನ ಬದಲಿಗೆ ಕೂತಿರಲಿ. ಎಷ್ಟು ಸಲ ಎತ್ತಿ ಇಳಿಸಿದರೂ ಅದಕ್ಕೆ ಏನೂ ಆಗುವುದಿಲ್ಲ.

ಕಾರನ್ನು ಸಮತಟ್ಟಾದ ನೆಲದಲ್ಲಿ ಅದರ ಚಕ್ರಗಳ ಮೇಲೆಯೇ ನಿಲ್ಲಿಸಿ, ಬಾಗಿಲುಗಳು ಹಾಕಿರುವಾಗಲೇ ಒಳಗೆ ಪೈಪಿನ ಆಸರೆಗಳನ್ನು ಬೆಸೆದುಕೊಳ್ಳಿ. ಇಲ್ಲವಾದರೆ ಪಿಲ್ಲರ್ ಕತ್ತರಿಸಿದ ಗಳಿಗೆಗೆ ಬಾಡಿ ಅಗಲವಾಗಿ, ಆಮೇಲೆ ಯಾವ ಅಳತೆಯೂ ಅಳತೆಯಲ್ಲ. ಹಿಂದಿನ ಚೌಕಟ್ಟನ್ನು ಹೊಸ ಓರೆಯಲ್ಲಿ ಅಲ್ಲಲ್ಲಿ ಚುಕ್ಕೆ ಬೆಸುಗೆಯ ಟ್ಯಾಕ್ ಹಾಕಿ ನಿಲ್ಲಿಸಿ, ಆಮೇಲೆ ಕಾರಿನಿಂದ ದೂರ ಹೋಗಿ ನೋಡಿ. ರಸ್ತೆಯಾಚೆಯಿಂದ, ಎರಡೂ ಬದಿಯಿಂದ, ಸಂಜೆಯ ಓರೆ ಬೆಳಕಿನಲ್ಲಿ. ಮನಸ್ಸು ಒಪ್ಪುವವರೆಗೆ ಟ್ಯಾಕ್ ಬಿಡಿಸಿ ಮತ್ತೆ ಹಾಕಿ. ಪೂರ್ತಿ ಬೆಸುಗೆಗೆ ಮುಂಚೆ ನಿಜವಾದ ಗಾಜನ್ನು, ನಿಜವಾದ ಬೀಡಿಂಗ್ ಸಮೇತ, ಒಮ್ಮೆ ಕೂರಿಸಿ ನೋಡಲೇಬೇಕು. ಬೀಡಿಂಗಿನ ತುಟಿಯೊಳಗೆ ಹುರಿ ಹಾಕಿ, ಸೋಪುನೀರು ಹಚ್ಚಿ, ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿರುವಾಗ ಇನ್ನೊಬ್ಬರು ಒಳಗಿನಿಂದ ಹುರಿ ಎಳೆಯುವ ಹಳೆಯ ಕ್ರಮವೇ ಸಾಕು. ಎಲ್ಲಿಯಾದರೂ ಗುದ್ದಿ ಕೂರಿಸಬೇಕಾಗಿ ಬಂದರೆ ನಿಲ್ಲಿಸಿ. ಅಲ್ಲಿ ತಗಡು ಗಾಜನ್ನು ಒತ್ತುತ್ತಿದೆ ಎಂದರ್ಥ. ಇವತ್ತು ಗಾಜು ತಡೆದುಕೊಂಡೀತು. ಹಂಪ್ ಹತ್ತಿ ಇಳಿದು ಬಾಡಿ ತಿರುಚಿದ ದಿನ ತಡೆದುಕೊಳ್ಳುವುದಿಲ್ಲ. ಅಂಥ ಕಡೆ ತಗಡನ್ನೇ ಸರಿಮಾಡಿ, ಪುಟ್ಟಿ ಬಳಿದು ಮುಚ್ಚಬೇಡಿ.

ಊರಿನಲ್ಲಿರುವ ಗೆಳೆಯರಿಗೂ ಇಲ್ಲಿ ನಾಲ್ಕು ಮಾತು, ಏಕೆಂದರೆ ನಿಮ್ಮ ಫೋಟೋಗಳನ್ನು ಅವರೂ ನೋಡುತ್ತಿದ್ದಾರೆ. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ತಾತನ ಕಾಲದ ಅಂಬಾಸಿಡರ್, ಫಿಯಟ್ ಇಟ್ಟುಕೊಂಡಿರುವವರು ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನೇ ಒತ್ತಿ ಹೇಳಿದೆ. ಜೊತೆಗೆ 2021ರಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಚಾವಣಿ ಕೊಯ್ದ ಗಾಡಿಗೆ ಆ ಬಾಗಿಲು ಮುಚ್ಚಿತು. ಹಾಗೆ ನೋಡಿದರೆ ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರು ಮ್ಯೂಸಿಯಮ್ಮಿಗೊಮ್ಮೆ ಹೋಗಿ ಬಂದರೆ, ಮೂಲರೂಪದಲ್ಲೇ ಉಳಿದ ಕಾರು ಎಷ್ಟು ಚೆಂದ ಎನ್ನುವುದು ಕಣ್ಣಿಗೇ ಕಾಣುತ್ತದೆ.

ಅಮೆರಿಕದಲ್ಲಿರುವ ನಿಮಗೆ ಆ ಅಡ್ಡಿ ಇಲ್ಲ, ರಾಜ್ಯದ ನಿಯಮ ನೋಡಿಕೊಂಡರೆ ಸಾಕು. ಅಡ್ಡಿ ಇಲ್ಲದಿರುವುದರಿಂದಲೇ ಹೊಣೆ ಹೆಚ್ಚು. ನಿಮ್ಮ ಮನೆಯವರು "ಈ ತಗಡಿಗೆ ಎಷ್ಟು ಸುರೀತೀಯ" ಎಂದು ಕೇಳಿದರೆ ಹಿರೊಹಾಟಾನ ಕಾರಿನ ಕತೆ ಹೇಳಿ: 1959ರಲ್ಲಿ ಒಬ್ಬ ಹೈಸ್ಕೂಲು ಹುಡುಗ ಅದನ್ನು 500 ಡಾಲರಿಗೆ ಕೊಂಡಿದ್ದ. 2022ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಅದೇ ಕಾರು ಶುಲ್ಕವೂ ಸೇರಿ 21 ಲಕ್ಷ 45 ಸಾವಿರ ಡಾಲರಿಗೆ ಹೋಯಿತು. ನಿಮ್ಮದು ಅಷ್ಟಕ್ಕೆ ಹೋಗುವುದಿಲ್ಲ, ಅದು ಅವರಿಗೂ ಗೊತ್ತು, ಆದರೂ ಆ ಸಂಜೆ ಮಾತು ಬೇರೆ ಕಡೆ ತಿರುಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಎಲ್ಲಾದರೂ ತುಕ್ಕು ತಿಂದು ಮುಗಿದ ಮರ್ಕ್ಯುರಿಯನ್ನೋ ಫೋರ್ಡನ್ನೋ ಗುಜರಿಗೆ ಹಾಕುವ ಮುನ್ನ ಅದರ ಹಿಂದಿನ ಗ್ಲಾಸನ್ನು ಹುಷಾರಾಗಿ ಬಿಚ್ಚಿ, ಯಾವ ವರ್ಷದ ಯಾವ ಮಾಡೆಲ್ ಎಂದು ಚೀಟಿ ಬರೆದು ಅಂಟಿಸಿ ಇಟ್ಟುಕೊಳ್ಳಿ. ನಿಮಗೆ ಬೇಡವಾದರೆ ಮುಂದಿನ ಯುಗಾದಿಗೆ ತನ್ನಿ, ಊಟದ ಸಾಲಿನಲ್ಲಿ ನಿಂತವರಲ್ಲೇ ಬೇಕಾದವರು ಸಿಕ್ಕಾರು. ಯಾರೂ ಸಿಗದಿದ್ದರೆ ನನಗೆ ಕೊಡಿ. ನಮ್ಮ ಗ್ಯಾರೇಜಿನ ಗೋಡೆಯ ಬದಿ ಇನ್ನೂ ಜಾಗವಿದೆ, ಮನೆಯಾಕೆಯ ಒಪ್ಪಿಗೆಯನ್ನು ನಾನು ನೋಡಿಕೊಳ್ಳುತ್ತೇನೆ.

ಇತಿ ನಮಸ್ಕಾರಗಳೊಂದಿಗೆ,
ನಿಮ್ಮ ವಿಶ್ವಾಸಿ,
ಹಳೆ ಕಾರುಗಳ ಒಬ್ಬ ಹಿರಿಯ ಅಭಿಮಾನಿ
ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ